ಲೈನಿನ ಕೆಳಗೆ ಇಬ್ಬರು ಷಡ್ಡಕರು

ನಾನು ಚಾಮರಾಜನಗರದ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಮತ್ತಿ, ದಿಂಡಿಗ, ಹೊನ್ನೆ, ಕಕ್ಕೆ ಎಂದು ಕಾಡುಮರಗಳ ಹೆಸರು, ಎಲೆಯ ಆಕಾರ, ತೊಗಟೆಯ ಬಣ್ಣ ಎಲ್ಲ ನನಗೆ ಬಾಯಿಪಾಠ. ಆದರೆ ಇವುಗಳಲ್ಲಿ ಹೆಚ್ಚಿನವನ್ನು ನಾನು ನೋಡಿದ್ದು ಒಣಗಿಸಿ ಕಾಗದಕ್ಕೆ ಅಂಟಿಸಿದ ಮೇಲೆಯೇ. ಹೀಗಿರುವಾಗ ಒಂದು ಮಧ್ಯಾಹ್ನ ಸರ್ವೆ ಕಂಪನಿಯವರೊಬ್ಬರು ಫೋನ್ ಮಾಡಿದರು. "ಮೇಡಂ, ಗುಂಡ್ಲುಪೇಟೆ ಆಚೆ ಬಂಡೀಪುರದ ಕಾಡೊಳಗೆ ಹೈಟೆನ್ಷನ್ ಲೈನ್ ಹೋಗಿದೆಯಲ್ಲ, ಅದರ ದಾರೀನ ಇನ್ನಷ್ಟು ಅಗಲ ಮಾಡಬೇಕು ಅಂತಿದಾರೆ. ಮಾಡಿದರೆ ಗಿಡಮರಗಳಿಗೆ ಏನಾಗುತ್ತೆ ಅಂತ ನೋಡಿ ಬರೆದುಕೊಡ್ತೀರಾ?" ಎಂದರು. ನಾನು ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟೆ. ಕಾಡಿನಲ್ಲಿ ಗಿಡಮರಗಳ ಜೊತೆಗೆ ಬೇರೆಯವರೂ ವಾಸವಾಗಿರುತ್ತಾರೆ ಎಂಬುದು ಫೋನ್ ಇಟ್ಟ ಮೇಲೆ ನೆನಪಾಯಿತು.

"ಮಂಡಿ ನೋವು ಅಂತ ಮನೆ ಮೆಟ್ಟಿಲು ಹತ್ತಕ್ಕೆ ಒದ್ದಾಡ್ತೀಯ, ಆನೆ ಬಂದ್ರೆ ಏನ್ ಮಾಡ್ತೀಯ?" ಎಂದರು ನಮ್ಮ ಯಜಮಾನರು.

"ಆನೆ ಬರೋ ಕಡೆ ಮೆಟ್ಟಿಲು ಇರಲ್ಲ ಬಿಡಿ" ಎಂದೆ.

ಮಳೆಗಾಲ ಮುಗಿದು ಚಳಿ ಶುರುವಾಗುವ ದಿನಗಳು. ಬೆಳಗಿನ ಮೊದಲ ಬಸ್ಸಿಗೆ ಹತ್ತಿ ಗುಂಡ್ಲುಪೇಟೆಯಲ್ಲಿ ಇಳಿದರೆ ಬಸ್‌ಸ್ಟ್ಯಾಂಡಿನ ಹೊರಗೆ ಕಂಪನಿಯ ಜೀಪು ನಿಂತಿತ್ತು. ಅದರ ಒಂದು ಬದಿಗೆ ಆರಡಿಗೂ ಮೇಲಿದ್ದ ಒಬ್ಬರು ಒರಗಿ ನಿಂತಿದ್ದರು. ಇವರು ಕರೆಂಟ್ ಆಫೀಸಿನ ಲೈನ್‌ಮನ್. ಜೀಪಿನ ಇನ್ನೊಂದು ಬದಿಗೆ, ನನ್ನ ಭುಜದ ಎತ್ತರಕ್ಕೆ ಬರುವ ಇನ್ನೊಬ್ಬರು ಖಾಕಿ ತೊಟ್ಟು ನಿಂತಿದ್ದರು. ಇವರು ಕಾಡಿನ ವಾಚರ್. ಲೈನಿನ ವಿಷಯಕ್ಕೆ ಒಬ್ಬರು, ಕಾಡಿನ ವಿಷಯಕ್ಕೆ ಒಬ್ಬರು ಜೊತೆಗಿರಬೇಕು ಎಂಬುದು ನಿಯಮ. ಹದಿನೈದು ದಿನ ನಾವು ಮೂವರೂ ಒಟ್ಟಿಗೆ ಓಡಾಡಬೇಕಿತ್ತು.

ಜೀಪು ಹತ್ತಿ ಹತ್ತು ನಿಮಿಷವಾಗಿರಲಿಲ್ಲ, ಲೈನ್‌ಮನ್ ಹೇಳಿದರು: "ಮೇಡಂ, ಆ ಕಡೆ ಗಾಜು ಮೇಲಕ್ಕೆತ್ಕಳಕೆ ಅವನ್ಗೆ ಯೋಳಿ. ತಣ್ಣನ್ ಗಾಳಿ ಹೊಡೀತದ."

ವಾಚರ್ ನನ್ನ ಪಕ್ಕದಲ್ಲೇ ಕೂತಿದ್ದರು. ಲೈನ್‌ಮನ್ನರ ಮಾತು ಮುಂದಿನ ಸೀಟಿನ ಡ್ರೈವರಿಗೂ ಕೇಳಿಸಿತ್ತು. ಆದರೂ ವಾಚರ್ ನನ್ನ ಮುಖವನ್ನೇ ನೋಡುತ್ತಾ ಕಾದರು. ನಾನು "ಗಾಜು ಏರಿಸ್ತೀರಾ?" ಎಂದೆ. ಏರಿಸಿದರು. ಆಮೇಲೆ, "ಏರ್ಸಿವ್ನಿ ಅಂತ ಅವ್ರ್ಗೆ ಯೋಳಿ ಮೇಡಂ" ಎಂದರು.

ಇದರ ಗುಟ್ಟು ಅಂದೇ ಮಧ್ಯಾಹ್ನ ಬಯಲಾಯಿತು. ವಾಚರ್ ನೀರು ತರಲು ಹೋದಾಗ ಲೈನ್‌ಮನ್ ನನಗೆ ಎಲ್ಲ ಹೇಳಿದರು. ಇಬ್ಬರೂ ಷಡ್ಡಕರು. ಹರದನಹಳ್ಳಿಯ ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದವರು. ಇವರದು ಅಕ್ಕ, ಅವರದು ತಂಗಿ. ಆ ಮಾವನ ಮನೆಯ ಮುಂದೆ ಒಂದು ನುಗ್ಗೆಮರ ಇತ್ತಂತೆ. ಅದರ ಕೊಂಬೆ ಮನೆಗೆ ಬರುವ ವೈರಿಗೆ ತಗಲುತ್ತಿತ್ತು. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಊಟಕ್ಕೆ ಹೋದ ಲೈನ್‌ಮನ್ ಕೊಂಬೆ ಕಡಿಯಲು ಮಚ್ಚು ಹಿಡಿದು ಹತ್ತಿದವರು, ಹೇಗೂ ಹತ್ತಿದ್ದೇನಲ್ಲ ಎಂದು ಅರ್ಧ ಮರವನ್ನೇ ಇಳಿಸಿಬಿಟ್ಟರು. ಉಳಿದರ್ಧ ಆ ಮಳೆಗಾಲದಲ್ಲಿ ಕೊಳೆತು ಬಿತ್ತು. ವಾಚರ್‌ಗೆ ಅತ್ತೆ ಮಾಡುವ ನುಗ್ಗೆಕಾಯಿ ಸಾರು ಅಂದರೆ ಪ್ರಾಣ. "ಕಾಡಲ್ಲಿ ಕಳ್ಳ ಬಂದ್ರೂ ಇಂಗ್ ಕಡಿಯಲ್ಲ" ಎಂದು ಅವರು ಆ ಭಾನುವಾರದ ಊಟದ ಪಂಕ್ತಿಯಲ್ಲೇ ಎಲ್ಲರೆದುರು ಅಂದರಂತೆ. ಇವರು ಎಲೆ ಬಿಟ್ಟು ಎದ್ದರಂತೆ. ಅಂದಿನಿಂದ ಮಾತಿಲ್ಲ.

"ನೀವೇ ಯೋಳಿ ಮೇಡಂ, ಶಾಕ್ ಹೊಡ್ದು ಯಾರಾರ ಸತ್ತಿದ್ರೆ?" ಎಂದರು.

ನೀರು ತಂದ ವಾಚರ್ ಕ್ಯಾನು ಇಳಿಸಿ, "ಮರದ್ ವಿಸ್ಯ ಮಾತಾಡ್ತಿದ್ರಾ?" ಎಂದು ನನ್ನನ್ನೇ ಕೇಳಿದರು. ನಾನು ಹೌದೆಂದೆ. ಯಾವ ಮರ ಎಂದು ಅವರು ಕೇಳಲಿಲ್ಲ.

ಆ ಲೈನಿನ ದಾರಿಯನ್ನು ನೋಡಿದರೆ ಕಾಡಿನ ನೆತ್ತಿಯಲ್ಲಿ ಬೈತಲೆ ತೆಗೆದ ಹಾಗಿದೆ. ಎರಡೂ ಕಡೆ ದಟ್ಟವಾಗಿ ಮರ. ನಡುವೆ ಉದ್ದಕ್ಕೂ ಬೋಳು ಪಟ್ಟಿ, ಅದರಲ್ಲಿ ಟವರುಗಳ ಸಾಲು. ಮರ ಬೆಳೆದು ವೈರಿಗೆ ತಗಲಬಾರದೆಂದು ವರ್ಷವರ್ಷವೂ ಅಲ್ಲಿ ಕಡಿಯುತ್ತಾರೆ. ಇದಕ್ಕೆ ಲೈನಿನವರು ಜಂಗಲ್ ಕಟಿಂಗ್ ಎನ್ನುತ್ತಾರೆ. ಕಡಿದ ಜಾಗದಲ್ಲಿ ಕೆಲವು ಕಡೆ ಹುಲ್ಲು ಬಂದಿತ್ತು, ಬಹಳ ಕಡೆ ಯಾವ ಪ್ರಾಣಿಯೂ ಮೇಯದ ಲಂಟಾನದ ಮುಳ್ಳುಪೊದೆ ಬಂದಿತ್ತು.

"ಹುಲ್ಲು ಮೇಯಕೆ ಜಿಂಕೆ ಬತ್ತಾವ, ಕಾಟಿ ಬತ್ತಾವ. ಅವರ್ ಪ್ರಾಣಿಗೆಲ್ಲ ಊಟ ಹಾಕ್ತಿರದು ನಾವು ಅಂತ ಅವನ್ಗೆ ಯೋಳಿ ಮೇಡಂ" ಎಂದು ಲೈನ್‌ಮನ್ ಶುರು ಮಾಡಿದರು.

"ಲಂಟಾನನೂ ಅವ್ರೇ ಬೆಳೆಸ್ತಿರದು ಅಂತ ಅವ್ರ್ಗೆ ಯೋಳಿ" ಎಂದರು ವಾಚರ್. ಮುನಿಸಿನಲ್ಲೂ ಅವರು ದೊಡ್ಡವರಿಗೆ ಬಹುವಚನ ತಪ್ಪಿಸುತ್ತಿರಲಿಲ್ಲ.

ಇಬ್ಬರು ಹೇಳಿದ್ದೂ ನಿಜವಾಗಿತ್ತು. ನಾನು ಎರಡನ್ನೂ ಬರೆದುಕೊಂಡೆ.

ಕೆಲಸವೇನೋ ಸರಳ. ನಾಲ್ಕು ಗೂಟ ಹೊಡೆದು ಹಗ್ಗ ಕಟ್ಟಿ ಒಂದು ಚೌಕ ಮಾಡುವುದು. ಅದರೊಳಗಿನ ಗಿಡಗಳನ್ನು ಎಣಿಸುವುದು, ಮರಗಳ ಸುತ್ತಳತೆ ತೆಗೆದು ನಂಬರು ಬರೆಯುವುದು. ಸುತ್ತಳತೆಯನ್ನು ಎದೆ ಎತ್ತರದಲ್ಲಿ ತೆಗೆಯಬೇಕು. ಇದನ್ನು ನಾನು ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ, ಒಬ್ಬ ವಿದ್ಯಾರ್ಥಿಯೂ ಪ್ರಶ್ನೆ ಕೇಳಿರಲಿಲ್ಲ. ಮೊದಲನೆಯ ಮರದ ಹತ್ತಿರ ಟೇಪಿನ ಎರಡು ತುದಿ ಇಬ್ಬರಿಗೂ ಕೊಟ್ಟು, "ಎದೆ ಎತ್ತರಕ್ಕೆ ಹಿಡಿದು ಮರ ಸುತ್ತಿ" ಎಂದೆ. ಸುತ್ತಿದರು. ಒಬ್ಬರ ಎದೆ ಅಲ್ಲಿ, ಇನ್ನೊಬ್ಬರ ಎದೆ ಇಲ್ಲಿ. ಟೇಪು ಓರೆಯಾಗಿ ಮರಕ್ಕೆ ಜನಿವಾರ ಹಾಕಿದ ಹಾಗೆ ಕೂತಿತು.

"ಎದೆ ಅಂದ್ರೆ ಯಾರೆದೆ ಮೇಡಂ?" ಎಂದರು ಲೈನ್‌ಮನ್.

"ನೆಲದಿಂದ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಅಂತ ಪುಸ್ತಕದಲ್ಲಿದೆ."

ಅವರು ಟೇಪು ಇಳಿಸಿ ತಮ್ಮ ಮೈಗೆ ಹಿಡಿದು ನೋಡಿದರು. "ಇದು ನನ್ ಹೊಟ್ಟೆ ಕಣ ಮೇಡಂ."

ಮರದ ಆಚೆಯಿಂದ ವಾಚರ್ ದನಿ ಬಂತು: "ಪುಸ್ತಕ ಬರ್ದವ್ರು ನನ್ ನೋಡ್ಕಂಡೇ ಬರ್ದವ್ರೆ ಅಂತ ಅವ್ರ್ಗೆ ಯೋಳಿ ಮೇಡಂ."

ಕೊನೆಗೆ ಒಂದು ಕೋಲಿಗೆ ಬಣ್ಣದ ಗೆರೆ ಎಳೆದು, ಇನ್ನು ಮೇಲೆ ಯಾರ ಎದೆಯೂ ಬೇಡ, ಈ ಕೋಲೇ ಎದೆ ಎಂದು ತೀರ್ಮಾನ ಮಾಡಿದೆ.

ಇದಲ್ಲದೆ ಕಂಪನಿಯವರು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದರು. ಪ್ರತಿ ಚೌಕಕ್ಕೂ ಅದರಲ್ಲಿ ಒಂದು ಫಾರಂ ತುಂಬಬೇಕು. ಅದನ್ನು ಯಾವ ರಾಜ್ಯಕ್ಕೆಂದು ಮಾಡಿದ್ದರೋ ಕಾಣೆ, ನಾಲ್ಕನೆಯ ಪ್ರಶ್ನೆಯೇ 'ಸಮುದ್ರ ತೀರದಿಂದ ಎಷ್ಟು ದೂರ?' ಎಂದಿತ್ತು. ಉತ್ತರ ಬರೆಯದೆ ಮುಂದಕ್ಕೆ ಬಿಡುತ್ತಿರಲಿಲ್ಲ. ನಾನು ಸೋತು ಇಬ್ಬರನ್ನೂ ಕೇಳಿದೆ.

"ಕೇರಳದ್ ಕಡೆ ಘಾಟಿ ಇಳಿದ್ರೆ ಸಿಕ್ತದ. ಬಸ್ಸಲ್ಲಿ ನಾಕ್ ಗಂಟೆ" ಎಂದರು ಲೈನ್‌ಮನ್.

"ಆರ್ ಗಂಟೆ ಅಂತ ಅವ್ರ್ಗೆ ಯೋಳಿ. ಘಾಟೀಲಿ ಲಾರಿ ನಿಂತಿರ್ತವ" ಎಂದರು ವಾಚರ್.

ಸಮುದ್ರದ ದೂರದ ಬಗ್ಗೆಯೂ ಒಮ್ಮತವಾಗದೆ ಆ ದಿನದ ಮೂರು ಚೌಕ ಹಾಗೇ ಉಳಿದವು.

ಆನೆ ಬಂದದ್ದು ಐದನೆಯ ದಿನ. ಬಂತು ಎಂದರೆ ತಪ್ಪಾಗುತ್ತದೆ, ಅದು ಮೊದಲೇ ಅಲ್ಲಿತ್ತು. ನಾವು ಒಂದು ದಿಬ್ಬ ಏರಿ ಟವರಿನ ಬುಡಕ್ಕೆ ಹೋದೆವು. ಕೆಳಗೆ ಸ್ವಲ್ಪ ದೂರದಲ್ಲಿ, ಲೈನಿನ ನಟ್ಟನಡುವೆ ಒಂಟಿ ಆನೆ ಹುಲ್ಲು ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸಿ ತಿನ್ನುತ್ತಿತ್ತು. ವಾಚರ್ ಕೈ ಅಡ್ಡ ಹಿಡಿದು ನಮ್ಮನ್ನು ನಿಲ್ಲಿಸಿದರು. ಒಂದು ಚಿಟಿಕೆ ಧೂಳು ತೂರಿ ಗಾಳಿ ನೋಡಿದರು. ಗಾಳಿ ಆನೆಯ ಕಡೆಯಿಂದ ನಮ್ಮ ಕಡೆಗಿತ್ತು. ಸದ್ದು ಮಾಡದೆ ನಿಂತರೆ ಅದಕ್ಕೆ ನಾವಿರುವುದೇ ಗೊತ್ತಾಗುವುದಿಲ್ಲ ಎಂದು ಸನ್ನೆ ಮಾಡಿದರು. ಮೂವರೂ ಟವರಿನ ಕಾಲಿನ ಹಿಂದೆ ಒತ್ತಿಕೊಂಡು ನಿಂತೆವು. ನಾನು ನಡುವೆ.

ನಾನು ಚೀಲವನ್ನು ಎದೆಗೆ ಅವಚಿಕೊಂಡೆ. ಆಗ ಎಡಕಿವಿಯಲ್ಲಿ ಪಿಸುಮಾತು ಕೇಳಿಸಿತು: "ಮೇಡಂ, ಅವ್ರ್ಗೆ ಯೋಳಿ, ಕೆಮ್ಮದ್ ಬ್ಯಾಡ ಅಂತ."

ಲೈನ್‌ಮನ್‌ಗೆ ಬೀಡಿ ಕೆಮ್ಮು. ಗಂಟಲಲ್ಲಿ ಆಗಲೇ ಗುರುಗುರು ಎನ್ನುತ್ತಿತ್ತು. ನಾನು ಬಲಕ್ಕೆ ತಿರುಗಿ ಪಿಸುಗುಟ್ಟಿದೆ: "ಕೆಮ್ಮಬೇಡಿ ಅಂತೆ."

"ಕೆಮ್ಮು ನನ್ ಕೈಲಿಲ್ಲ ಅಂತ ಯೋಳಿ ಮೇಡಂ."

ಎಡಕ್ಕೆ ತಿರುಗಿ, "ಅವರ ಕೈಲಿಲ್ಲವಂತೆ" ಎಂದೆ.

"ಬಾಯ್ಗೆ ಟವಲ್ ತುರುಕ್ಕಳಕೆ ಯೋಳಿ."

"ಅವನ್ ಟವಲ್ ಕೊಡ್ತನಾ ಕೇಳಿ."

ಎಡಗಡೆಯಿಂದ ಬೆವರಿನ ಟವಲು ನನ್ನ ಕೈಗೆ ಬಂತು, ನನ್ನ ಕೈಯಿಂದ ಬಲಕ್ಕೆ ಹೋಯಿತು. ಆನೆ ಎದುರಿಗಿರುವಾಗಲೂ ಇವರು ನನ್ನನ್ನೇ ನಡುವೆ ಓಡಾಡಿಸುತ್ತಿದ್ದಾರಲ್ಲ ಎಂದು ನನಗೆ ಭಯ ಹೋಗಿ ಸಿಟ್ಟು ಬಂತು. ಅಷ್ಟರಲ್ಲಿ ಚೀಲದೊಳಗಿನ ನನ್ನ ಫೋನು ಟಿಣ್ ಎಂದಿತು. ಕೆಳಗೆಲ್ಲೂ ಸಿಗದ ನೆಟ್‌ವರ್ಕ್ ದಿಬ್ಬದ ಮೇಲೆ ಸಿಕ್ಕಿತ್ತು. ಟಿಣ್, ಟಿಣ್, ಟಿಣ್. ಬೆಳಗಿನಿಂದ ಬಾಕಿಯಿದ್ದ ಮೆಸೇಜುಗಳೆಲ್ಲ ಒಂದರ ಹಿಂದೆ ಒಂದು ಇಳಿದವು. ಎಲ್ಲವೂ ನಮ್ಮ ನಾದಿನಿಯರ ಗ್ರೂಪಿನಲ್ಲಿ ಬಂದ ಶುಭೋದಯಗಳು, ಗುಲಾಬಿ ಹೂವಿನ ಸಮೇತ.

ಆನೆ ತಲೆಯೆತ್ತಿತು. ಕಿವಿ ಅಗಲಿಸಿ ನಮ್ಮ ಕಡೆ ನೋಡಿತು. ಎಷ್ಟು ಹೊತ್ತು ನೋಡಿತೋ ನನಗೆ ತಿಳಿಯದು. ಕೊನೆಯ ಟಿಣ್ ಆದ ಮೇಲೆ, ಇಂಥವರ ಸಹವಾಸ ಬೇಡ ಎನ್ನುವಂತೆ ಹಿಂದಕ್ಕೆ ತಿರುಗಿ ಮರಗಳೊಳಗೆ ಹೋಯಿತು. ಲೈನ್‌ಮನ್ ಟವಲು ತೆಗೆದು ಐದು ನಿಮಿಷ ಕೆಮ್ಮಿದರು. ನಾನು ನೆಲದ ಮೇಲೆ ಕೂತೆ. ಮಂಡಿ ನೋವು ನೆನಪಾದದ್ದು ಆಮೇಲೆ.

ಎರಡನೆಯ ವಾರ ಒಂದು ಹಳ್ಳಕ್ಕೆ ಬಂದೆವು. ಎರಡು ದಿಬ್ಬಗಳ ನಡುವೆ ಆಳದಲ್ಲಿ ಸಣ್ಣಗೆ ನೀರು ಹರಿಯುವ ಜಾಗ. ಲೈನು ಒಂದು ದಿಬ್ಬದ ಟವರಿನಿಂದ ಎದುರು ದಿಬ್ಬದ ಟವರಿಗೆ ಹಾದುಹೋಗುತ್ತದೆ. ಅಲ್ಲಿ ಬೋಳು ಪಟ್ಟಿ ಇರಲಿಲ್ಲ. ಜಂಬುನೇರಳೆ, ಮತ್ತಿ, ಹೊಳೆಮತ್ತಿ ಮರಗಳು ಕೈಕೈ ಹಿಡಿದ ಹಾಗೆ ಕೊಂಬೆ ಚಾಚಿ ನಿಂತಿದ್ದವು. ವೈರು ಅವುಗಳ ತಲೆಯ ಮೇಲೆ ಎಷ್ಟೋ ಎತ್ತರದಲ್ಲಿತ್ತು. ಕಾಗದಕ್ಕೆ ಅಂಟಿಸಿ ಇಪ್ಪತ್ತಾರು ವರ್ಷ ತೋರಿಸಿದ ಎಲೆಗಳು ಅಲ್ಲಿ ಗಾಳಿಗೆ ಅಲ್ಲಾಡುತ್ತಿದ್ದವು. ನಾನು ತುಂಬ ಹೊತ್ತು ಏನನ್ನೂ ಬರೆಯದೆ ನಿಂತಿದ್ದೆ.

"ಮೇಲ್ ನೋಡಿ ಮೇಡಂ" ಎಂದರು ವಾಚರ್. ಕೆಂದಳಿಲು. ಉದ್ದದ ಬಾಲ ಇಳಿಬಿಟ್ಟುಕೊಂಡು ಕಾಯಿ ತಿನ್ನುತ್ತಿತ್ತು. ನಮ್ಮನ್ನು ಕಂಡು ಚಿರ್ ಎಂದು ಬೈದು, ಒಂದು ಮರದಿಂದ ಇನ್ನೊಂದಕ್ಕೆ ಹಾರಿ ಹಳ್ಳ ದಾಟಿತು. ಅದು ನೆಲಕ್ಕೆ ಇಳಿಯುವುದು ತೀರ ಅಪರೂಪ, ಕೊಂಬೆಗಳೇ ಅದರ ರಸ್ತೆ ಎಂದು ನಾನೂ ಓದಿದ್ದೆ. ದಾಟುವುದನ್ನು ನೋಡಿದ್ದು ಅಂದೇ.

ಕೆಲಸ ಮುಗಿಯುವ ಹಿಂದಿನ ದಿನ ಕಂಪನಿಯ ಸಾಹೇಬರು ತಪಾಸಣೆಗೆ ಬಂದರು. ಹೊಸ ಬೂಟು, ಮಡಿಕೆ ಬಿಚ್ಚದ ನಕ್ಷೆ, ಸಭ್ಯ ಮನುಷ್ಯ. ನನ್ನ ಫೋನಿನ ಫಾರಂಗಳನ್ನು ನೋಡುತ್ತಾ, ಸಮುದ್ರ ತೀರದ ಜಾಗದಲ್ಲಿ 'ನಾಲ್ಕರಿಂದ ಆರು ಗಂಟೆ' ಎಂದು ಬರೆದಿದ್ದನ್ನು ಎರಡು ಸಲ ಓದಿ ಮುಂದಕ್ಕೆ ಸರಿಸಿದರು. ಹಳ್ಳದ ದಂಡೆಗೆ ಬಂದು ನಕ್ಷೆ ಬಿಚ್ಚಿ ಅದರ ಮೇಲೆ ಬೆರಳಾಡಿಸುತ್ತಾ, "ಇದೂ ಸೇರಿ ಉದ್ದಕ್ಕೂ ಒಂದೇ ಅಳತೆಗೆ ಕ್ಲಿಯರ್ ಮಾಡೋದು ಮೇಡಂ. ಹೇಗೂ ಲೈನಿನ ಕೆಳಗೆ ಎಲ್ಲ ಹಾಳಾಗಿರೋ ಕಾಡೇ ತಾನೆ? ಪರಿಣಾಮ ಕಡಿಮೆ ಅಂತ ಬರೆದುಬಿಡಿ" ಎಂದರು.

ನಾನು ಪುಸ್ತಕ ತೆರೆದು ಹಳ್ಳದ ಪುಟ ಹುಡುಕುತ್ತಿದ್ದೆ. ಅಷ್ಟರಲ್ಲಿ ಲೈನ್‌ಮನ್ ಮುಂದೆ ಬಂದರು.

"ಯಾವ್ದು ಸಾ ಹಾಳಾಗಿರದು?"

"ಅಂದರೆ, ರಿಪೋರ್ಟಿನ ಭಾಷೇಲಿ..."

"ವೈರ್ ಎಲ್ಲದ ನೋಡಿ ಸಾ. ಮರ ಎಲ್ಲವ ನೋಡಿ. ನಾನ್ ಸರ್ವೀಸ್‌ಗ್ ಸೇರ್ದಾಗಿಂದ ಈ ಹಳ್ಳದಲ್ಲಿ ಒಂದ್ ಕೊಂಬೆ ಕಡ್ದಿಲ್ಲ. ಇನ್ನೊಂದ್ ಆಳುದ್ದ ಬೆಳುದ್ರೂ ತಗಲಲ್ಲ. ಸುಮ್ಸುಮ್ನೆ ಯಾಕ್ ಕಡೀಬೇಕು?"

"ಕಡಿದ್ರೆ ಕೆಂದಳಿಲು ಆ ಕಡೇದು ಆ ಕಡೇಲೇ, ಈ ಕಡೇದು ಈ ಕಡೇಲೇ ಸಾ. ದಾಟಕೆ ಆಗಲ್ಲ" ಎಂದರು ವಾಚರ್.

"ಒಂದು ಅಳಿಲಿಗೋಸ್ಕರ ಡಿಸೈನ್ ಬದಲಾಯಿಸೋಕಾಗುತ್ತಾ?"

"ಒಂದಲ್ಲ ಸಾ!" ಎಂದು ಲೈನ್‌ಮನ್ ದನಿ ಏರಿಸಿದರು. ಅಳಿಲಿನ ವಿಷಯ ಅವರಿಗೆ ಹೆಚ್ಚೇನೂ ಗೊತ್ತಿರಲಿಲ್ಲ. ತಟ್ಟನೆ ಪಕ್ಕಕ್ಕೆ ತಿರುಗಿ ಕೇಳಿದರು: "ಲೋ, ಎಷ್ಟವ ಯೋಳ್ಲಾ ಅವ್ರ್ಗೆ."

"ನಾನ್ ಕಂಡಂಗೆ ಎರಡ್ ಜೊತೆ ಕಣಣ್ಣ. ಗೂಡು ಮೂರವ."

"ಕೇಳುದ್ರಾ ಸಾ? ಮೂರ್ ಗೂಡು!"

ನಾಲ್ಕು ವರ್ಷದ ಮೌನ ಮುರಿದಿತ್ತು. ಇಬ್ಬರಿಗೂ ಅದು ಗೊತ್ತೇ ಆಗಿರಲಿಲ್ಲ. ಗೊತ್ತಾದರೆ ನಿಲ್ಲಿಸಿಬಿಡುತ್ತಾರೇನೋ ಎಂದು ನಾನು ಉಸಿರೂ ಬಿಡದೆ ನಿಂತೆ. ಇಬ್ಬರೂ ಸೇರಿ ಆ ಸಾಹೇಬರನ್ನು ಹಳ್ಳದೊಳಗೆ ಇಳಿಸಿ, ಒಂದೊಂದು ಗೂಡಿನ ಕೆಳಗೂ ಕತ್ತೆತ್ತಿ ನಿಲ್ಲಿಸಿ, ವೈರಿಗೂ ಮರಕ್ಕೂ ಇರುವ ಅಂತರ ತೋರಿಸಿ ಮೇಲೆ ಕರೆತರುವಷ್ಟರಲ್ಲಿ ಅವರ ಹೊಸ ಬೂಟು ಹಳೆಯದಾಗಿತ್ತು. "ಸರಿ ಮೇಡಂ, ನೀವು ನೋಡಿದ್ದನ್ನ ಬರೀರಿ. ನಾನು ಮೇಲಕ್ಕೆ ಕಳಿಸ್ತೀನಿ" ಎಂದು ಏದುಸಿರು ಬಿಡುತ್ತಾ ಹೇಳಿದರು. ಹೇಳಿದಂತೆಯೇ ಕಳಿಸಿದರು ಕೂಡ.

ವಾಪಸು ಬರುವಾಗ ಜೀಪಿನಲ್ಲಿ ಇಬ್ಬರಿಗೂ ತಾವು ಮಾಡಿದ್ದು ಅರಿವಾಗಿರಬೇಕು. ಲೈನ್‌ಮನ್ ಎರಡು ಸಲ "ಮೇಡಂ, ಅವನ್ಗೆ..." ಎಂದು ಶುರು ಮಾಡಿ ನಿಲ್ಲಿಸಿದರು. ಮೂರನೆಯ ಸಲ ನನ್ನನ್ನು ಬಿಟ್ಟು ನೇರವಾಗಿ, "ಬೆಂಕಿಪೊಟ್ಣ ಇದ್ದದೇನ್ಲಾ?" ಎಂದರು.

"ಕಾಡೊಳ್ಗೆ ಬೀಡಿ ಹಚ್ಚಂಗಿಲ್ಲ. ಫೈನ್ ಹಾಕ್ತರೆ."

"ನಂಗೇ ಕಾನೂನ್ ಯೋಳಿಯಾ?"

"ಯಾರಾದ್ರೂ ಅಷ್ಟೆ."

ಅಲ್ಲಿಂದ ಗುಂಡ್ಲುಪೇಟೆ ಬರುವ ತನಕ ಜಗಳ. ನನ್ನ ಅಗತ್ಯ ಯಾರಿಗೂ ಬೀಳಲಿಲ್ಲ. ನಾನು ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದೆ.

ನನ್ನ ವರದಿ ಮೂವತ್ತು ಪುಟವಾಯಿತು. ದಿಬ್ಬದ ಮೇಲಿನ ದಿಂಡಿಗ ಮರಗಳನ್ನು ಕಡಿಯುವ ಬದಲು ಟವರ್ ಎತ್ತರಿಸಿ, ಲಂಟಾನ ಇರುವ ಕಡೆ ಅಗಲ ಮಾಡಿದರೆ ಅದನ್ನು ಬೇರು ಸಹಿತ ಕೀಳುವ ವ್ಯವಸ್ಥೆಯಿರಲಿ, ಹಳ್ಳದಲ್ಲಿ ಒಂದು ಕೊಂಬೆಯನ್ನೂ ಮುಟ್ಟಬೇಡಿ ಎಂದು ಬರೆದೆ. ಕಂಪನಿಯವರು ಅಚ್ಚು ಹಾಕಿಸಿದ ವರದಿಯಲ್ಲಿ ಆ ಮೂವತ್ತು ಪುಟ ಒಂದೂವರೆ ಪುಟವಾಗಿತ್ತು. ಟವರಿನ ಮಾತು ಬಿದ್ದುಹೋಗಿತ್ತು. ಹಳ್ಳದ ಮಾತು ಉಳಿದಿತ್ತು. ಮುಂದೆ ಮೇಲಿನಿಂದ ಆದೇಶ ಬಂದಾಗಲೂ ಹಾಗೇ ಆಯಿತು. ಹಳ್ಳ ಬಿಟ್ಟು, ಉಳಿದ ಕಡೆ ಒಂದು ಮಗ್ಗುಲಿಗೆ ಮಾತ್ರ ಅಗಲ ಮಾಡುವುದು.

ಕಡಿಯುವ ದಿನ ಬನ್ನಿ ಎಂದು ವಾಚರ್ ಫೋನ್ ಮಾಡಿದ್ದರು. ಹೋಗಬಾರದು ಅಂದುಕೊಂಡಿದ್ದೆ, ಹೋದೆ. ನಾನೇ ನಂಬರು ಬರೆದ ಮರಗಳು. ಗರಗಸದ ಮೆಷಿನ್ನಿನ ಸದ್ದಿಗೆ ಕಿವಿ ಮುಚ್ಚಿಕೊಂಡು ಒಂದು ಬಂಡೆಯ ಮೇಲೆ ಕೂತಿದ್ದೆ. ವಾಚರ್ ಪಟ್ಟಿ ಹಿಡಿದು ನಂಬರು ಕೂಗುತ್ತಿದ್ದರು, ಲೈನ್‌ಮನ್ ಆಳುಗಳಿಂದ ಕಡಿಸುತ್ತಿದ್ದರು. ಮರ ಬಿದ್ದಾಗಲೆಲ್ಲ ವಾಚರ್ ಅದರ ನಂಬರಿನ ಮೇಲೆ ಗೆರೆ ಎಳೆಯುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಹೊನ್ನೆಮರವೊಂದರ ಹತ್ತಿರ ಕೆಲಸ ನಿಂತಿತು. ಗಡಿಯೆಂದು ಗೂಟದಿಂದ ಗೂಟಕ್ಕೆ ಎಳೆದಿದ್ದ ಹುರಿ ಆ ಮರದ ಮಗ್ಗುಲಲ್ಲೇ ಹಾದುಹೋಗಿತ್ತು. ಒಳಗಿದೆ, ಕಡೀಬೇಕು ಎಂದು ಲೈನ್‌ಮನ್, ಹೊರಗಿದೆ, ಬಿಡಬೇಕು ಎಂದು ವಾಚರ್. ಒಬ್ಬರು ಬಗ್ಗಿ ನೋಡಿದರು, ಇನ್ನೊಬ್ಬರು ಕೂತು ನೋಡಿದರು. ಕೊನೆಗೆ ಇಬ್ಬರೂ, "ಮೇಡಂ ಬಂದ್ ಯೋಳ್ಲಿ" ಎಂದರು.

ನಾನು ಬಂಡೆಯಿಂದ ಇಳಿದು ಹೋಗಿ ನೋಡಿದೆ. ಒಳಗಿತ್ತು. ಒಂದು ಗೇಣು, ಖಂಡಿತ ಒಳಗಿತ್ತು. ಪರೀಕ್ಷೆಯಲ್ಲಿ ಅರ್ಧ ಅಂಕ ಹೆಚ್ಚು ಕೊಡದವಳು ಎಂದು ಕಾಲೇಜಿನಲ್ಲಿ ನನಗೆ ಹೆಸರಿದೆ. ಮೇಲೆ ನೋಡಿದೆ. ಹೊನ್ನೆ ಎಲೆ ಉದುರಿಸಿ, ದುಂಡನೆಯ ಕಾಯಿಗಳನ್ನಷ್ಟೇ ತೂಗಿಸಿಕೊಂಡು ನಿಂತಿತ್ತು.

"ಹೊರಗಿದೆ" ಎಂದೆ.

ಲೈನ್‌ಮನ್ ಹುರಿಯನ್ನು ನೋಡಿದರು, ಮರವನ್ನು ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಗೂಟವನ್ನು ಕಾಲಿನಲ್ಲೇ ಒಂದಿಷ್ಟು ಲೈನಿನ ಕಡೆಗೆ ತಳ್ಳಿ, "ಮುಂದಿನ್ ನಂಬ್ರು ಓದ್ಲಾ" ಎಂದರು.